ಒಂದಕ್ಕೆ ಎಪ್ಪತ್ತೆರಡು

ಹಗಲೆಲ್ಲ ಹಲ್ಲು ಕಟ್ಟುತ್ತೇನೆ,
ಕೋಲಾರದ ಕ್ಲಾಕ್ ಟವರಿನ ಹಿಂದಿನ ಓಣಿಯಲ್ಲಿ.
ಮೇಲ್ದವಡೆ, ಕೆಳದವಡೆ, ಒಂಟಿ ಕೋರೆ.
ಕೂದಲೆಳೆ ತಪ್ಪಿದರೂ ಸಾಕು,
ಚಕ್ಕುಲಿ ಮುರಿಯಲಾಗದ ಬಾಯಿ ಬಂದು ಬಯ್ಯುತ್ತದೆ.
ರಾತ್ರಿ ಅದೇ ಪ್ಲಾಸ್ಟರು, ಅದೇ ಕೆತ್ತುಕಡ್ಡಿ;
ಬೆಟ್ಟ ಕಟ್ಟುತ್ತೇನೆ.

ಆರಡಿ ನಾಲ್ಕಡಿ ಪ್ಲೈವುಡ್ಡು, ಮಂಚದ ಮೇಲೆ.
ಅಂಗುಲಕ್ಕೊಬ್ಬ ಆರಡಿಯ ಆಳು.
ಅಕ್ಕ ಮುನಿರತ್ನ ನಿಂತಲ್ಲೇ ಲೆಕ್ಕ ಹಾಕಿದಳು:
'ಹಂಗಾದ್ರೆ ಮೂವತ್ತು-ನಲವತ್ತರ ಸೈಟು
ನೂರಾ ಮೂರು ಬೀಳ್ತಾವಲ್ಲೋ!
ಯುದ್ಧ ಯಾಕೆ, ಲೇಔಟ್ ಮಾಡು.'

ಮೊದಲ ನೆಲಕ್ಕೆ ರಾಗಿಹಿಟ್ಟು ಉದುರಿಸಿದ್ದೆ,
ಫೆವಿಕಾಲಿನ ಮೇಲೆ, ಜರಡಿ ಹಿಡಿದು.
ಕೆಮ್ಮಣ್ಣು ಕೂಡ ಅಷ್ಟು ಮಣ್ಣಾಗಿ ಕಾಣುವುದಿಲ್ಲ.
ಎರಡು ತಿಂಗಳಿಗೆ ಹುಳು ಬಿದ್ದು
ಎರಡೂ ಪಾಳೆಯವನ್ನು ಒಂದೇ ವಾರದಲ್ಲಿ ಗೆದ್ದವು.

ಬಂಡೆಗೆ ಬಣ್ಣ ಹಚ್ಚುವುದು ಕತ್ತಲಿನಿಂದ ಬೆಳಕಿಗೆ:
ಮೊದಲು ಕಪ್ಪು, ಅದರ ಮೇಲೆ ಬೂದಿ,
ಕೊನೆಗೆ ಬಣ್ಣ ಇದ್ದೂ ಇಲ್ಲದ ಒಣ ಕುಂಚ
ಏಣುಗಳನ್ನಷ್ಟೇ ನೇವರಿಸಬೇಕು,
ನಿದ್ದೆ ಹೋದ ಮಗುವಿನ ಹುಬ್ಬು ಒರೆಸಿದಂತೆ.
ಆದರೆ ಯಾವ ಬೂದಿ?
ಹಲ್ಲಿನ ಛಾಯೆಯ ಪಟ್ಟಿ ಜೇಬಿಗಿಟ್ಟು
ಅಂತರಗಂಗೆಯ ಮೆಟ್ಟಿಲೇರಿದೆ, ಆರಕ್ಕೆ, ಹನ್ನೆರಡಕ್ಕೆ, ಮತ್ತೆ ಆರಕ್ಕೆ.
ಬೆಳಗಿನ ಬಂಡೆ ಹಾಲುಹಲ್ಲು,
ಸಂಜೆಯದು ಮೂವತ್ತು ವರ್ಷ ಬೀಡಿ ಸೇದಿದ್ದು.
ನೆರಳು ಮಾತ್ರ ಪಟ್ಟಿಯಲ್ಲಿರಲಿಲ್ಲ.
ಅದು ಕಪ್ಪಲ್ಲ. ನೇರಳೆ ತಿಂದು ಬಂದವರ ನಾಲಗೆ.
ಇನ್ನೊಮ್ಮೆ ನೋಡೋಣವೆಂದರೆ
ಕೋತಿಯೊಂದು ಪಟ್ಟಿ ಕಸಿದು, ಒಂದೊಂದೇ ಹಲ್ಲು ಕಡಿದು ನೋಡಿತು.

ಒಂದು ನೋಟುಬುಕ್ಕಿದೆ.
ಸೇತುವೆ. ಈಚಲು ಮರ ನಲವತ್ತು. ಹಗ್ಗ ಸವೆಸಿದ ಬಾವಿಕಟ್ಟೆ.
ಮುರಿದ ಬುರುಜು (ಪೂರ್ತಿ ಕಟ್ಟಿದ್ದೇನೆ,
ಮುರಿಯಲು ಇನ್ನೂ ಮನಸ್ಸು ಬಂದಿಲ್ಲ).
ಬರೆದದ್ದು ಇಪ್ಪತ್ತೇಳು, ಮುಗಿದದ್ದು ಮೂರು.
ಬಣ್ಣ ಕೊಳ್ಳುವುದೇ ಒಂದು ಹವ್ಯಾಸ,
ಬಣ್ಣ ಬಳಿಯುವುದು ಬೇರೆಯೇ ಒಂದು;
ನಡುವಿನ ಕಣಿವೆಯಲ್ಲಿ
ಮುಚ್ಚಳ ಕಚ್ಚಿಕೊಂಡ ಸೀಸೆಗಳು.

ಭಾನುವಾರ ಚಾಂಪಿಯನ್ ರೀಫ್ಸಿನಿಂದ ಅರ್ಪುತರಾಜ್ ಬಂದ,
ನನ್ನ ಎದುರು ಪಾಳೆಯದವನು,
ಬಗಲಲ್ಲಿ ಹಳೇ ಹಾರ್ಲಿಕ್ಸ್ ಬಾಟಲಿ.
ಒಳಗೆ ಮೈದಾಹಿಟ್ಟಿನಷ್ಟು ನುಣುಪು, ಬೂದುಬಿಳಿ.
'ಸೈನೈಡ್ ದಿಬ್ಬದ್ದಾ?'
'ದಿಬ್ಬಕ್ಕೆ ಹೋಗಿಲ್ಲ. ನಮ್ಮ ಕಿಟಕಿಯಿಂದ ಗುಡಿಸಿದ್ದು.
ಒಂದು ಗಾಳಿಗಾಲಕ್ಕೆ ಇಷ್ಟು.
ಅಪ್ಪ ಒಳಗಿಂದ ತೆಗೆದದ್ದು,
ಈಗ ತಾನಾಗೇ ಮನೆಗೆ ಬರುತ್ತೆ.'

ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ
ಇಬ್ಬರೂ ಸೇರಿ ಎಬ್ಬಿಸಿದೆವು ಹಲಗೆಯ ಮೂಡಣ ಮೂಲೆಗೆ,
ಚಪ್ಪಟೆ ನೆತ್ತಿ, ಮಳೆ ಸೀಳಿದ ಪಕ್ಕೆ.
ಕುಂಚ ತೆಗೆದೆ. ತಡೆದ.
'ಇದಕ್ಕೆ ಬಣ್ಣ ಬೇಡ. ಇದೇ ಇದರ ಬಣ್ಣ.'
ನಿಯಮದ ಹಾಳೆ ಎಳೆದುಕೊಂಡು
ಹೊಳೆಗೆ ಅರ್ಧ ನಡಿಗೆ, ತೋಪಿಗೆ ಮುಕ್ಕಾಲು ಎಂದಿದ್ದ ಕಡೆ
ಅವನೇ ಬರೆದ:
ದಿಬ್ಬ: ಯಾರೂ ಹತ್ತುವಂತಿಲ್ಲ. ಕುದುರೆಯೂ. ಗೆಲ್ಲುತ್ತಿದ್ದರೂ.

ದಾಳ ಉರುಳಿತು. ನನ್ನ ಫಿರಂಗಿ ಬಂಡಿಗಳು
ದಿಬ್ಬ ಬಳಸಿ ಬರುವಷ್ಟರಲ್ಲಿ ಮೂರು ಸರದಿ ಕಳೆದು
ಸೇತುವೆ ಅವನದಾಯಿತು
(ಸದ್ಯಕ್ಕೆ ಎರಡು ಐಸ್‌ಕ್ರೀಮ್ ಕಡ್ಡಿ).
ಸೋತೆ. ಅವನಿಗೂ ಗೆದ್ದ ಮುಖವಿರಲಿಲ್ಲ.

ಎತ್ತಿಡುವ ಹೊತ್ತು. ದಿಬ್ಬದಿಂದ ಚೂರು ಪುಡಿ ಜಾರಿ
ರಸ್ತೆಯ ಮೇಲೆ ಬಿದ್ದಿತ್ತು.
ಅಭ್ಯಾಸಬಲ, ಊದಲು ಬಾಗಿದೆ.
'ಊದಬೇಡ' ಅಂದ,
ನನ್ನ ಬಾಯಿಗೆ ತನ್ನ ಅಂಗೈ ಅಡ್ಡ ಹಿಡಿದು.

ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದೆವು.
ಆಮೇಲೆ ಅಂಗುಲದ ಆಳುಗಳನ್ನು
ಹಲ್ಲುಸೆಟ್ಟಿನ ಡಬ್ಬಿಗಳಲ್ಲಿ ಮಲಗಿಸಿ
ಮುಚ್ಚಳ ಹಾಕಿದೆವು.